ಸಹೃದಯನೋ, ಮತದಾರನೋ?

2025ರ ಜನವರಿಯ ಒಂದು ರಾತ್ರಿ ಸಿರವಾರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಒಬ್ಬನಿಗೇ ಮತ್ತೆ ಮತ್ತೆ ಮತ ಹಾಕಿದೆ. ಬೆರಳು ನನ್ನದು, ಮತ ನಮ್ಮ ಅವ್ವನದು. ಅವಳಿಗೆ ಅಕ್ಷರ ಬಾರದು. ಫೋನಿನ ಗಾಜಿನ ಮೇಲೆ ಎಲ್ಲಿ ಒತ್ತಬೇಕೆಂಬುದೂ ತಿಳಿಯದು. ಆದರೆ ಯಾರಿಗೆ ಒತ್ತಬೇಕೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. “ಆ ಕುರಿ ಕಾಯೋ ಹುಡುಗಗ ಹಾಕಪಾ. ಅವನೊಬ್ಬನ ಅಲ್ಲಿ ಖರೇ ಮನಷ್ಯಾ” ಎಂದಳು. ನಾನು ಹಾಕಿದೆ. ಅದೇ ದಿನ ಬೆಳಿಗ್ಗೆ ಪದವಿ ತರಗತಿಯಲ್ಲಿ ರಸಪ್ರಕರಣವನ್ನು ಪಾಠಮಾಡಿ, ನಾಟಕದ ಪ್ರೇಕ್ಷಕನು ತನ್ನ ಸ್ವಂತ ರಾಗದ್ವೇಷಗಳನ್ನು ಹೊರಗೆ ಕಳಚಿಟ್ಟು ಒಳಗೆ ಬರತಕ್ಕವನೆಂದು ಹುಡುಗರಿಗೆ ಉಪದೇಶಿಸಿ ಬಂದವನೂ ನಾನೇ.

ವಾಚಕರು ಊಹಿಸಿರುವಂತೆ ನಾನು ಹೇಳುತ್ತಿರುವುದು ‘ಬಿಗ್ ಬಾಸ್’ ಎಂಬ ಟಿ.ವಿ. ಆಟದ ವಿಷಯ. ಇದನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯುವುದೇ ಒಂದು ಬಗೆಯ ಮೈಲಿಗೆಯೆಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರ ಅಭಿಪ್ರಾಯ. ಅವರ ಅಭಿಪ್ರಾಯಕ್ಕೆ ನನ್ನ ಗೌರವವಿದೆ. ಆದರೆ ನಿನ್ನೆ ರಾತ್ರಿ ಯಾರು ಯಾರ ಮೇಲೆ ಕೂಗಾಡಿದರೆಂಬ ವಿವರ ಈ ಮಡಿವಂತರಲ್ಲಿ ನನಗಿಂತ ಖಚಿತವಾಗಿರುವುದನ್ನು ಕಂಡು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಛೀ ಎಂದುಬಿಡುವುದು ಸುಲಭ. ಕಾಲುವೆಯ ನೀರು ಬಿಟ್ಟ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ಬಗ್ಗಿ ಭತ್ತ ಹಚ್ಚಿ, ಮನೆಗೆ ಬಂದು ರೊಟ್ಟಿ ಬಡಿದು, ಕಣ್ಣು ಕೂಡುತ್ತಿದ್ದರೂ ರಾತ್ರಿ ಹನ್ನೊಂದರವರೆಗೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಎಚ್ಚರವಾಗಿಟ್ಟಿರುವ ವಸ್ತು ಯಾವುದು ಎಂದು ವಿಚಾರಿಸುವುದು ಅಷ್ಟು ಸುಲಭವಲ್ಲ.

ಆಟದ ಪೂರ್ವೋತ್ತರ ಎಲ್ಲರೂ ಬಲ್ಲದ್ದೇ. ಜಾರ್ಜ್ ಆರ್ವೆಲ್ ತನ್ನ ‘1984’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದು 1949ರಲ್ಲಿ. ಅದರಲ್ಲಿ ಪ್ರಜೆಗಳ ಮೇಲೆ ಹಗಲಿರುಳು ಕಣ್ಣಿಟ್ಟ ‘ಬಿಗ್ ಬ್ರದರ್’ ಒಂದು ದುಃಸ್ವಪ್ನ. ಸರಿಯಾಗಿ ಐವತ್ತು ವರ್ಷಕ್ಕೆ, 1999ರಲ್ಲಿ, ಹಾಲೆಂಡಿನ ಜಾನ್ ಡಿ ಮೋಲ್ ಆ ದುಃಸ್ವಪ್ನಕ್ಕೆ ದೀಪ ಹಾಕಿ, ಜಾಹೀರಾತು ಸೇರಿಸಿ, ಮನರಂಜನೆಯಾಗಿ ಮಾರಿದ. 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಅದು ಬಂತು. ಶ್ರೀ ಸುದೀಪ್ ಅವರು ನಡೆಸಿಕೊಟ್ಟ ಆ ಮೊದಲ ಆವೃತ್ತಿಯಲ್ಲಿ ಗೆದ್ದವರು ವಿಜಯ ರಾಘವೇಂದ್ರ. ಆಮೇಲೆ ವಾಹಿನಿ ಬದಲಾಯಿತು, ಮನೆ ಬದಲಾಯಿತು, ಆಟ ನಿಲ್ಲಲಿಲ್ಲ. ಕನ್ನಡ ಮೇಷ್ಟರಾಗಿ ನಾನಿಲ್ಲಿ ಒಂದು ಮಾತನ್ನು ಸೇರಿಸದಿರಲಾರೆ. ಆ ಮನೆಯಲ್ಲಿ ಹದಿನೆಂಟು ಇಪ್ಪತ್ತು ಮಂದಿ ತಮತಮಗೆ ಬಂದ ಕನ್ನಡದಲ್ಲಿ ಜಗಳವಾಡುತ್ತಾರೆ. ಅಚ್ಚುಕಟ್ಟಾದ ಗ್ರಂಥಸ್ಥ ಕನ್ನಡದಲ್ಲಿ ಮಾತನಾಡುವವನು ಒಬ್ಬನೇ—ಗೋಡೆಯೊಳಗಿಂದ ಆಜ್ಞೆ ಕೊಡುವ, ಮುಖವಿಲ್ಲದ ಆ ಯಜಮಾನ. ವ್ಯಾಕರಣ ಶುದ್ಧವಾಗಿರುವುದು ಅಧಿಕಾರದ ಬಾಯಲ್ಲಿ ಮಾತ್ರ ಎಂಬುದು ನಮ್ಮ ವೃತ್ತಿಯವರಿಗೆ ಅಷ್ಟೇನೂ ಹಿತವಾದ ಸಂಗತಿಯಲ್ಲ.

ಇನ್ನು ರಸದ ವಿಚಾರ. ಧನಂಜಯನೆಂಬ ಲಾಕ್ಷಣಿಕ ಹತ್ತನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿ ‘ದಶರೂಪಕ’ವನ್ನು ಬರೆದ. (ಆ ಮುಂಜನನ್ನು ಸೆರೆಹಿಡಿದವನು ನಮ್ಮ ಚಾಲುಕ್ಯ ತೈಲಪ, ಅದು ಬೇರೆ ಕಥೆ.) ರಸ ಎಲ್ಲಿರುತ್ತದೆ ಎಂಬ ಚರ್ಚೆಯಲ್ಲಿ ಅವನು ಬಹಳ ಸರಳವಾದ ಒಂದು ನಿದರ್ಶನವನ್ನು ಕೊಡುತ್ತಾನೆ. ಲೋಕದಲ್ಲಿ ಯಾವನೋ ಒಬ್ಬ ತನ್ನ ನಲ್ಲೆಯೊಡನೆ ಇರುವುದನ್ನು ಇನ್ನೊಬ್ಬ ಕಂಡನೆನ್ನೋಣ. ಕಂಡವನಲ್ಲಿ ಹುಟ್ಟುವುದೇನು? ಶೃಂಗಾರರಸವಲ್ಲ. ಅವನವನ ಸ್ವಭಾವಕ್ಕೆ ತಕ್ಕಂತೆ ನಾಚಿಕೆ, ಇಲ್ಲವೆ ಹೊಟ್ಟೆಕಿಚ್ಚು, ಇಲ್ಲವೆ ಆಸೆ, ಇಲ್ಲವೆ ದ್ವೇಷ. ನಿಜವಾದ ಮನುಷ್ಯರ ನಿಜವಾದ ಬದುಕನ್ನು ಇಣುಕಿದರೆ ಸಿಕ್ಕುವುದು ಈ ನಾಲ್ಕೇ. ರಸ ಬೇಕಾದರೆ ನಟ ಬೇಕು, ವೇಷ ಬೇಕು, ‘ಇದು ಇಂಥವನದೇ’ ಎಂಬ ಹಂಗು ಕಳಚಬೇಕು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೈಯಲ್ಲಿ ಹಿಡಿದು ಸಾಧಾರಣೀಕರಣವನ್ನು ಪಾಠಮಾಡುವಾಗ ನಾನು ಈ ನಿದರ್ಶನವನ್ನು ಬಿಡುವುದಿಲ್ಲ, ಹುಡುಗರು ಆ ದಿನ ಮಾತ್ರ ಕಿವಿಗೊಟ್ಟು ಕೇಳುತ್ತಾರೆ.

ನಮ್ಮ ಹಿರಿಯರು ‘ಇದು ರಸವಲ್ಲ’ ಎಂದು ಪಕ್ಕಕ್ಕೆ ಸರಿಸಿದ ಆ ನಾಲ್ಕನ್ನೇ ಬಂಡವಾಳ ಮಾಡಿಕೊಂಡು ಒಂದು ಉದ್ಯಮ ಕಟ್ಟಬಹುದೆಂದು ಧನಂಜಯನಿಗೆ ಹೊಳೆದಿರಲಾರದು. ಬಿಗ್ ಬಾಸಿಗೆ ಮೊದಲೇ ಕನ್ನಡದಲ್ಲಿ ಇದರ ಬೀಜ ಬಿದ್ದಿತ್ತು. ಡಿ.ವಿ.ಜಿ.ಯವರ ಕಗ್ಗದಿಂದ ಹೆಸರನ್ನು ಕಡ ತಂದ ‘ಬದುಕು ಜಟಕಾ ಬಂಡಿ’ಯಲ್ಲಿ ಗಂಡ ಹೆಂಡಿರು, ಅತ್ತೆ ಸೊಸೆಯರು ತಮ್ಮ ಮನೆಯ ವ್ಯಾಜ್ಯವನ್ನು ದೀಪದ ಬೆಳಕಿನಲ್ಲಿ ತಂದು ಬಿಚ್ಚಿದರು. ಆಗ ಹುಟ್ಟುತ್ತಿದ್ದುದೂ ನಾಚಿಕೆಯೇ. ನಾವು ಮುಖ ತಿರುಗಿಸುತ್ತಿದ್ದೆವು. ತಿರುಗಿಸಿ, ಮತ್ತೆ ನೋಡುತ್ತಿದ್ದೆವು.

ಹಾಗಾದರೆ ನಮ್ಮ ಜನಪದರಿಗೆ ‘ನಡೆದ ಸಂಗತಿ’ಯ ಹಸಿವು ಇರಲಿಲ್ಲವೆ? ಧಾರಾಳವಾಗಿತ್ತು. ಉತ್ತರ ಕರ್ನಾಟಕದಲ್ಲೆಲ್ಲ ಮನೆಮಾತಾದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೊಂದನ್ನು ಆಧರಿಸಿದ್ದೆಂದು ಪ್ರತೀತಿ. ಪರಸ್ತ್ರೀಯ ಮೋಹ, ಗೆಳೆಯನ ದ್ರೋಹ, ನಡುದಾರಿಯಲ್ಲಿ ಬಿದ್ದ ಹೆಣ—ಇಂದಿನ ಯಾವ ವಾಹಿನಿಯಾದರೂ ಬಾಚಿಕೊಳ್ಳಬಹುದಾದ ಸರಕು. ಆದರೆ ಅದು ಅಟ್ಟವನ್ನು ಏರುವ ಹೊತ್ತಿಗೆ ನಡುವೆ ಒಬ್ಬ ಕವಿ ಬಂದಿದ್ದ, ಹಿಮ್ಮೇಳ ಬಂದಿತ್ತು, ಗಂಗಿಯ ಪಾತ್ರಕ್ಕೆ ಮೀಸೆ ಬೋಳಿಸಿದ ಗಂಡಸು ಬಂದಿದ್ದ. ಬಾಳ್ಯಾ ಗೆಳೆಯನನ್ನು ಸಾವಿಗೆ ಕರೆದೊಯ್ಯುವಾಗ ಕೆಳಗೆ ಕುಳಿತ ಮಂದಿ ಅವನಿಗೆ ಶಾಪ ಹಾಕುತ್ತಿದ್ದರು. ಬೆಳಗಾದ ಮೇಲೆ ಅದೇ ಬಾಳ್ಯಾನಿಗೆ ಕರೆದು ಚಹಾ ಕುಡಿಸುತ್ತಿದ್ದರು. ಶಾಪ ಪಾತ್ರಕ್ಕೆ, ಚಹಾ ಮನುಷ್ಯನಿಗೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡುವುದನ್ನು ಅವರಿಗೆ ಯಾವ ಮೀಮಾಂಸಕನೂ ಕಲಿಸಿರಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಹಗಲುವೇಷದವರು ಬರುತ್ತಿದ್ದರು. ರಾತ್ರಿಯ ಆಟಕ್ಕೆ ಕತ್ತಲೆಯ ಸಹಾಯವಿದೆ. ಇವರದು ಉರಿಬಿಸಿಲಿನಲ್ಲಿ, ಮನೆಯ ಬಾಗಿಲಿನಲ್ಲಿ, ಪ್ರೇಕ್ಷಕನ ಮೂಗಿನ ಕೆಳಗೆ. ಒಂದು ದಿನ ರಾಮ, ಒಂದು ದಿನ ರಾವಣ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಭೀಮಸೇನ ಗದೆಯನ್ನು ಬೆಂಚಿಗೆ ಒರಗಿಸಿ, ಬಣ್ಣ ಕದಡದಂತೆ ತುಟಿಯನ್ನು ಚೂಪುಮಾಡಿ, ಬಸಿಯಲ್ಲಿ ಚಹಾ ಹೀರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಬೆವರಿಗೆ ಬಣ್ಣ ಇಳಿಯುತ್ತಿತ್ತು, ಕಿರೀಟದ ಕಾಗದ ಕಿತ್ತಿತ್ತು. ಆದರೂ ಅವನು ಎದ್ದು ಗದೆಯೆತ್ತಿ ಒಮ್ಮೆ ಗರ್ಜಿಸಿದನೆಂದರೆ ನಾವು ಹುಡುಗರು ಓಣಿಯ ತಿರುವಿನವರೆಗೆ ಓಡುತ್ತಿದ್ದೆವು. ಅವನು ಭೀಮನಲ್ಲವೆಂದು ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಆ ಒಪ್ಪಂದದಲ್ಲಿ ಮೋಸವಿರಲಿಲ್ಲ.

ಟಿ.ವಿ.ಯ ಮನೆಯಲ್ಲಿ ಮುರಿದುಬಿದ್ದಿರುವುದು ಈ ಒಪ್ಪಂದ. ಅಲ್ಲಿ ವೇಷವಿಲ್ಲವೆಂಬುದೇ ಮೊದಲ ವೇಷ. ಇಪ್ಪತ್ತನಾಲ್ಕು ಗಂಟೆಗಳ ಬದುಕನ್ನು ಎಷ್ಟೋ ಕ್ಯಾಮೆರಾಗಳು ಹಿಡಿಯುತ್ತವೆ. ರಾತ್ರಿ ನಮಗೆ ದೊರೆಯುವುದು ಅದರಲ್ಲಿ ಆಯ್ದು ಹೊಲಿದ ಒಂದು ಗಂಟೆಯ ಚೂರು. ಆಯ್ದವನು ಕವಿಯೇ, ಆದರೆ ಅವನು ತನ್ನ ಹೆಸರನ್ನು ಹೇಳುವುದಿಲ್ಲ. ‘ಇದು ನಾನು ಕಟ್ಟಿದ್ದಲ್ಲ, ನಡೆದದ್ದು’ ಎನ್ನುತ್ತಾನೆ. ಒಬ್ಬಳ ಕಣ್ಣೀರಿಗೂ ಇನ್ನೊಬ್ಬನ ನಗುವಿಗೂ ನಡುವೆ ಇದ್ದ ಮೂರು ಗಂಟೆಯನ್ನು ಕತ್ತರಿಸಿ ಎರಡನ್ನೂ ಜೋಡಿಸಿದರೆ ಒಬ್ಬ ಕಟುಕ ತಯಾರಾಗುತ್ತಾನೆ. ಹಿನ್ನೆಲೆಗೆ ಪಿಟೀಲು ಬೇರೆ.

ಪ್ರೇಕ್ಷಕ ಇದನ್ನೆಲ್ಲ ಅರಿಯದ ಬೆಪ್ಪನೆಂದು ಮಾತ್ರ ಯಾರೂ ತಿಳಿಯಬಾರದು. ನಾನು ಹಾಗೆ ತಿಳಿದಿದ್ದೆ. ಒಂದು ರಾತ್ರಿ ಸ್ಪರ್ಧಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ನನ್ನ ಮನಸ್ಸು ಕರಗಿತ್ತು. ಅವ್ವ ಅಡಕೆ ಕತ್ತರಿಸುತ್ತ, “ಅಳಾಕತ್ತಾಳ, ಖರೆ. ಆದ್ರ ಕಣ್ಣು ಕ್ಯಾಮೆರಾ ಹುಡುಕಾಕತ್ತಾವ ನೋಡು” ಎಂದಳು. ಅಶ್ರು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದೆಂದು ನಾನು ಎರಡು ದಶಕದಿಂದ ಬರೆಸುತ್ತ ಬಂದಿದ್ದೇನೆ. ಸುಳ್ಳು ಅಶ್ರುವನ್ನು ಗುರುತಿಸುವ ಲಕ್ಷಣವನ್ನು ಕಲಿತದ್ದು ಅವಳಿಂದ. ಮಾತು ಒಂದು ಕಡೆ, ಕೈ ಒಂದು ಕಡೆ ಇರುವವರನ್ನು, ಊಟದ ಹೊತ್ತಿಗೆ ಮಾತ್ರ ರಾಜಿಯಾಗುವವರನ್ನು, ಶನಿವಾರ ನಿರೂಪಕರು ಬರುವ ದಿನ ಒಳ್ಳೆಯವರಾಗುವವರನ್ನು ಅವಳು ಮೊದಲ ವಾರದಲ್ಲೇ ಬೇರ್ಪಡಿಸಿ ಇಡುತ್ತಾಳೆ. ಇಷ್ಟು ಎಚ್ಚರದ ಪಾತ್ರವಿಮರ್ಶೆಯನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಂಡದ್ದು ಕಡಿಮೆ.

ಹೀಗೆ ನೋಡುತ್ತ ನೋಡುತ್ತ ನನಗೆ ಅನ್ನಿಸಿದ್ದೇನೆಂದರೆ, ಈ ಆಟದ ಆಕರ್ಷಣೆ ನಿಜದಲ್ಲಿಲ್ಲ, ಸುಳ್ಳನ್ನು ಹಿಡಿಯುವುದರಲ್ಲಿದೆ. ನಾವು ಅಲ್ಲಿ ಕೂಡುವುದು ರಸಿಕರಾಗಿ ಅಲ್ಲ, ಪಂಚರಾಗಿ. ಎದುರಿಗಿರುವವರಲ್ಲಿ ಒಬ್ಬೊಬ್ಬರ ವೇಷವನ್ನೂ ಸುಲಿದು, ಕೊನೆಗೆ ಸುಲಿಯಲು ಬಾರದ ಒಬ್ಬನನ್ನು ಕಂಡುಹಿಡಿದು, ಅವನಿಗೆ ಮುದ್ರೆ ಒತ್ತುವುದು ಇಲ್ಲಿಯ ಸುಖ. ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಯಾರೂ ನಮ್ಮ ತೀರ್ಪನ್ನು ಕೇಳುವುದಿಲ್ಲ. ಇಲ್ಲಿ ಕೈಮುಗಿದು ಕೇಳುತ್ತಾರೆ. ಜೀವಮಾನವಿಡೀ ಇನ್ನೊಬ್ಬರ ತೀರ್ಪಿಗೆ ತಲೆಬಾಗಿದ ನಮ್ಮ ಅವ್ವನಂಥವಳಿಗೆ ಆ ಸುಖ ಸಣ್ಣದಲ್ಲ. ಅದನ್ನು ಅವಳಿಂದ ಕಸಿಯಲು ನನಗೆ ಮನಸ್ಸಿಲ್ಲ.

ಆದರೆ ಅಭ್ಯಾಸವೆಂಬುದು ಪೆಟ್ಟಿಗೆಯನ್ನು ಆರಿಸಿದ ಕೂಡಲೆ ಆರುವುದಿಲ್ಲ. ಹೋದ ವರ್ಷ ನಮ್ಮ ಓಣಿಯಲ್ಲಿ ಒಂದು ಸಾವಾಯಿತು. ತೀರಿಕೊಂಡವನ ತಂಗಿ ದೂರದ ಊರಿನಿಂದ ಬಂದವಳು ಬಾಗಿಲಲ್ಲೇ ಕುಸಿದು, ನಮ್ಮ ಕಡೆಯ ಹೆಂಗಸರ ವಾಡಿಕೆಯಂತೆ ಅಣ್ಣನ ಗುಣಗಳನ್ನು ಎತ್ತಿ ಎತ್ತಿ ಹಾಡಿಕೊಂಡು ಅತ್ತಳು. ನನ್ನ ಹಿಂದೆ ನಿಂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಮೆಲ್ಲಗೆ “ಓವರ್ ಆ್ಯಕ್ಟಿಂಗ್” ಎಂದ. ಇನ್ನೊಬ್ಬ ನಗಲಿಲ್ಲ; ತಲೆಯಾಡಿಸಿ ಒಪ್ಪಿದ. ಅವರು ದುಷ್ಟರಲ್ಲ, ಹೆಣಕ್ಕೆ ಹೆಗಲು ಕೊಟ್ಟವರೂ ಅವರೇ. ಅಳುವ ದಾಟಿಗೂ ಒಂದು ಸಂಪ್ರದಾಯವಿದೆ, ಹಾಡಿಕೊಂಡು ಅತ್ತ ಮಾತ್ರಕ್ಕೆ ದುಃಖ ಸುಳ್ಳಾಗುವುದಿಲ್ಲ ಎಂಬುದು ಅವರಿಗೆ ತಿಳಿಯದೆ ಹೋಗಿತ್ತು. ವೇಷದೊಳಗೂ ನಿಜವಿರಬಲ್ಲದು ಎಂಬ, ಹಗಲುವೇಷದ ಭೀಮನನ್ನು ಕಂಡ ಮಕ್ಕಳಿಗೆ ತಿಳಿದಿದ್ದ ಸಂಗತಿ ಅದು.

ಈಗ ಅವ್ವ ಮತ ಹಾಕಿಸಿದ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ, ಕುರಿ ಕಾಯುತ್ತ ಹಾಡುತ್ತಿದ್ದವನು, ಮೊದಲು ನಾಡಿಗೆ ಪರಿಚಯವಾದದ್ದು 2018ರಲ್ಲಿ ಆರಂಭವಾದ ‘ಸರಿಗಮಪ’ದ ಒಂದು ಆವೃತ್ತಿಯಲ್ಲಿ. ಲುಂಗಿ ಉಟ್ಟು, ಹೆಗಲಿಗೆ ಚೌಕುಳಿಯ ವಸ್ತ್ರ ಹಾಕಿ ಹಾಡಿ ಎರಡನೆಯವನಾಗಿ ನಿಂತ. ಬಿಗ್ ಬಾಸಿನ ಹನ್ನೊಂದನೆಯ ಆವೃತ್ತಿಗೆ ಆಟ ಶುರುವಾದ ಮೇಲೆ ನಡುವೆ ಸೇರಿಕೊಂಡು, 2025ರ ಜನವರಿಯ ಕೊನೆಗೆ ಗೆದ್ದು, 50 ಲಕ್ಷ ರೂಪಾಯಿಯ ಬಹುಮಾನ ಪಡೆದ. ಅವನಿಗೆ ಬಿದ್ದ ಮತ ಐದು ಕೋಟಿಗೂ ಹೆಚ್ಚೆಂದು ವೇದಿಕೆಯ ಮೇಲೆ ಸಾರಿದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ರಾಜ್ಯದ ಮತದಾರರ ಪಟ್ಟಿಯಲ್ಲಿ ಇದ್ದವರೇ ಸುಮಾರು 5.3 ಕೋಟಿ. ಇಲ್ಲಿ ಒಬ್ಬನೇ ಹಲವು ಸಲ ಒತ್ತಬಹುದಾದ್ದರಿಂದ ಹೋಲಿಕೆ ಸರಿಯಲ್ಲ. ಒಂದೇ ರಾತ್ರಿ ನನ್ನ ಒಂದು ಬೆರಳು ಎಷ್ಟು ಮಂದಿಯಾಯಿತೆಂದು ನಾನೇ ಬಲ್ಲೆ.

ಅವನ ಗೆಲುವಿನಿಂದ ನಮ್ಮ ಭಾಗದವರಿಗೆ ಆದ ಸಂತೋಷಕ್ಕೆ ಕಾರಣವಿದೆ. ಎಷ್ಟೋ ವರ್ಷ ಚಲನಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂದಾಗಲೆಲ್ಲ ಅದು ನಗೆಗಾಗಿ ಬರುತ್ತಿತ್ತು; ಆಳಿನ ಬಾಯಲ್ಲೋ ಕುಡುಕನ ಬಾಯಲ್ಲೋ. ಆ ಮಾತನ್ನು ತಿದ್ದಿಕೊಳ್ಳದೆ ಆಡಿ ಒಬ್ಬ ಗೆದ್ದ. ನನಗೂ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ತಕರಾರು ಇರುವುದು ಅವನನ್ನು ಹೊಗಳಲು ನಾಡೆಲ್ಲ ಆಯ್ದುಕೊಂಡ ಒಂದೇ ಶಬ್ದದ ಮೇಲೆ: ‘ಮುಗ್ಧ’. ಕ್ಯಾಮೆರಾದ ಮುಂದೆ ಆರು ವರ್ಷ ಪಳಗಿದ, ಯಾವ ಮಾತನ್ನು ಎಲ್ಲಿ ನಿಲ್ಲಿಸಿದರೆ ನಗು ಬರುತ್ತದೆಂದು ಕರಾರುವಾಕ್ಕಾಗಿ ಬಲ್ಲ ಕಲಾವಿದನವನು. ಅದೇ ಚತುರತೆಯನ್ನು ಪಟ್ಟಣದ ನಟನೊಬ್ಬ ತೋರಿಸಿದರೆ ‘ಪ್ರತಿಭೆ’ ಎನ್ನುತ್ತೇವೆ. ಲುಂಗಿ ಉಟ್ಟವನು ತೋರಿಸಿದರೆ ‘ಮುಗ್ಧತೆ’. ಅವನಿಗೆ ಐವತ್ತು ಲಕ್ಷ ಕೊಟ್ಟೆವು, ಜಾಣನೆಂಬ ಹೆಸರನ್ನು ಕೊಡಲಿಲ್ಲ. ನಾಳೆ ಅವನು ಪ್ಯಾಂಟು ತೊಟ್ಟು ಕಾರಿನಿಂದ ಇಳಿದರೆ ಇದೇ ಮಂದಿ ‘ಬದಲಾಗಿಬಿಟ್ಟ’ ಎನ್ನುವರೆಂದು ನನಗೆ ಭಯ.

ಈ ಭಯ ಬರಿಯ ಕಲ್ಪನೆಯಲ್ಲ. ಅವನಿಗಿಂತ ಮೊದಲೇ, 2011ರ ಸುಮಾರಿನಲ್ಲಿ, ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಎಂಬ ಆಟವೊಂದು ನಡೆದಿತ್ತು. ಹಳ್ಳಿಯ ಮತ್ತು ಹಾಡಿಯ ಹುಡುಗರನ್ನು ಬೆಂಗಳೂರಿಗೆ ಕರೆತಂದು ಪಟ್ಟಣದ ಹುಡುಗಿಯರ ಕೈಯಲ್ಲಿ ಅವರಿಗೆ ‘ನಾಗರಿಕತೆ’ ಕಲಿಸುವುದು ಅದರ ವಸ್ತು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯಿಂದ ಬಂದ ರಾಜೇಶ್ ಎಂಬ ಯುವಕ ಅದರಲ್ಲಿ ಗೆದ್ದ. ಅವನ ಎಡವುವಿಕೆಗೆ ನಾವು ನಕ್ಕೆವು, ಕಲಿತಾಗ ಚಪ್ಪಾಳೆ ತಟ್ಟಿದೆವು, ಆಗಲೂ ‘ಎಷ್ಟು ಮುಗ್ಧ’ ಎಂದೆವು. ಗೆದ್ದ ಮೇಲೆ ‘ಜಂಗಲ್ ಜಾಕಿ’ ಎಂಬ ಚಿತ್ರದಲ್ಲಿ ನಾಯಕನಾದ. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡ. ಒಬ್ಬ ಮನುಷ್ಯನ ಸಾವನ್ನು ಒಂದು ಆಟದ ಲೆಕ್ಕಕ್ಕೆ ಬರೆದುಹಾಕುವುದು ಅನ್ಯಾಯ; ಅದನ್ನು ನಾನು ಮಾಡಲಾರೆ. ಸಂಗ್ಯಾ ಬಾಳ್ಯಾದ ಪ್ರೇಕ್ಷಕ ಬೆಳಗಾದ ಮೇಲೆ ನಟನನ್ನು ಕರೆದು ಚಹಾ ಕುಡಿಸುತ್ತಿದ್ದ ಎಂದೆನಲ್ಲ, ರಾಜೇಶನ ಪ್ರೇಕ್ಷಕರಾದ ನಮಗೆ ಅಂಥ ಬೆಳಗು ಇರಲಿಲ್ಲ. ಆವೃತ್ತಿ ಮುಗಿಯಿತು, ಹೊಸದು ಬಂತು. ಸುದ್ದಿ ಕೇಳಿದ ದಿನ ನಾನು ಒಂದು ಕ್ಷಣ ಯೋಚಿಸಬೇಕಾಯಿತು, ಯಾವ ರಾಜೇಶ್ ಎಂದು.

ಕಡೆಯದಾಗಿ ನನ್ನ ವಿದ್ಯಾರ್ಥಿಯೊಬ್ಬನ ಮಾತು. ದೇವದುರ್ಗದ ಕಡೆಯ ಹುಡುಗ. ಮೊಹರಂ ಬಂತೆಂದರೆ ರಿವಾಯತ ಪದಗಳನ್ನು ಮೈಮರೆತು ಹಾಡುತ್ತಾನೆ. ಕಂಠ ದೊಡ್ಡದು, ಉಸಿರು ಇನ್ನೂ ದೊಡ್ಡದು. ಈಚೆಗೆ ಯಾವುದೋ ಒಂದು ಹಾಡಿನ ಸ್ಪರ್ಧೆಯ ಆಯ್ಕೆಗೆ ಹೋಗಿ ಬಂದ. ಬಂದವನು ಎರಡು ದಿನ ತರಗತಿಗೆ ಬರಲಿಲ್ಲ. ಮೂರನೆಯ ದಿನ ವರಾಂಡದಲ್ಲಿ ಸಿಕ್ಕಾಗ ವಿಚಾರಿಸಿದೆ.

“ಪದ ಒಂದ ನಿಮಿಷ ಕೇಳಿದ್ರು ಸರ. ಆಮ್ಯಾಲೆ ನಿಮ್ಮಪ್ಪ ಏನ್ ಮಾಡ್ತಾನ, ಮನಿ ಎಂಥಾದು, ಸಾಲ ಎಷ್ಟೈತಿ, ಕೂಲಿಗೆ ಹೋಗೀಯೇನು ಅಂತ ಹತ್ತು ನಿಮಿಷ ಕೇಳಿದ್ರು. ನಾ ಇದ್ದದ್ದು ಹೇಳಿದ್ಯಾ. ಹತ್ತಿ ಬೆಳೀತೀವಿ, ಟ್ರ್ಯಾಕ್ಟರ್ ಐತಿ ಅಂದೆ. ಅಲ್ಲಿಗೆ ಅವರ ಮಾರಿ ಸಣ್ಣದಾತು.”

ನನಗೆ ನಗು ಬಂತು, ಅವನಿಗೆ ಬರಲಿಲ್ಲ.

“ಟ್ರ್ಯಾಕ್ಟರ್ ಇಲ್ಲ ಅನ್ಬೇಕಿತ್ತೇನ್ರಿ ಸರ? ಮುಂದಿನ ಸಲ ಕಂಬಳಿ ಹೊತ್ಕೊಂಡು ಹೋಗ್ಲೇನು?”

ಟ್ರ್ಯಾಕ್ಟರು ಕೊಳ್ಳಲು ಅವನ ತಂದೆ ಎಷ್ಟು ವರ್ಷ ಹೆಣಗಿದನೋ. ಆ ತಂದೆಯ ಮಗ ಈಗ ಅದನ್ನು ಬಚ್ಚಿಡುವ ಯೋಚನೆಯಲ್ಲಿದ್ದ. ಬೇಡವೆನ್ನಲು ಬಾಯಿ ತೆರೆದೆ. ಆದರೆ ಹನುಮಂತನಿಗೆ ಒತ್ತಿದ ಬೆರಳು ನನ್ನ ಕೈಯಲ್ಲೇ ಇತ್ತು. ಅವನನ್ನು ನಾನು ಒತ್ತಿದ್ದು ಹಾಡಿಗಾಗಿಯೋ, ಲುಂಗಿಗಾಗಿಯೋ? ನಾನು ಆ ಹುಡುಗನಿಗೆ ಉತ್ತರ ಕೊಡಲಿಲ್ಲ. “ಟ್ರ್ಯಾಕ್ಟರ್ ಮಾತು ಬಿಡು. ಅಲ್ಲಿ ಹಾಡಿದ ಪದ ನನ್ನ ಮುಂದ ಪೂರಾ ಹಾಡು” ಎಂದೆ.

ಅವನು ಕಂಬಕ್ಕೆ ಒರಗಿ, ಕಿವಿಯ ಮೇಲೆ ಕೈಯಿಟ್ಟು ಹಾಡಿದ. ಆಚೆಯ ಕೊಠಡಿಯಲ್ಲಿ ಪಾಠ ನಿಂತಿತು. ನಾನೂ ಕೇಳುತ್ತಿದ್ದೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ನನ್ನ ಕಣ್ಣು ಅವನ ಕಾಲಿನ ಹೊಸ ಬೂಟುಗಳ ಮೇಲಿತ್ತು.